ಬಾಡಲೆಂದೇ ಬರೆದ ಬಳ್ಳಿ

ಗೋಡೆಯ ಮೇಲೆ ಒಂದು ತಲೆಯ ಚಿತ್ರವಿತ್ತು. ತಲೆಯೊಳಗೆ ಕಾಡುಗೆಣಸಿನಂಥ ಗೆಡ್ಡೆ. ಅದರಿಂದ ಹೊರಟ ಹಸಿರು ಬಳ್ಳಿ ಕಿವಿಯಿಂದಾಚೆ ಬಂದು ಕಿಟಕಿಯವರೆಗೂ ಹಬ್ಬಿತ್ತು. ಬರೆದವನು ನನ್ನ ಗೆಳೆಯ ಶಿವಣ್ಣ. ಫ್ಲೆಕ್ಸ್ ಇನ್ನೂ ಬಂದಿರದ ಆ ಕಾಲದಲ್ಲಿ ಪಿರಿಯಾಪಟ್ಟಣದ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಮಿದುಳಿನ ಕ್ಯಾನ್ಸರ್‌ಗೆ ಮೈಸೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ರಾವಂದೂರಿನ ಮನೆಗೆ ಬಂದಿದ್ದ. ಬಲಗೈ ಏಳುತ್ತಿರಲಿಲ್ಲ. ಚಿತ್ರ ಎಡಗೈಯದು; ಕಣ್ಣು, ಮೂಗು, ಮೀಸೆ ಅವನವೇ.

“ಗೆಡ್ಡೆ ತೆಗ್ದಿದ್ದೀವಿ, ಚೂರು ಉಳ್ಕಂಡದೆ ಅಂದ್ರು ಡಾಕ್ಟ್ರು. ಕಾಡಲ್ಲಿ ಗೆಣಸು ಕೀಳೋರು ಚೂರು ಬುಟ್ಟು ಬತ್ತಾರಲ್ಲ, ಮತ್ತೆ ಚಿಗುರ್ಲಿ ಅಂತ. ಅಂಗಾಗದೆ ಕಣ್ಲಾ,” ಎಂದ.

ಆಸ್ಪತ್ರೆಯ ಮಾತ್ರೆಯ ಜೊತೆಗೆ ಕಾಕನಕೋಟೆ ಕಡೆಯ ನಾಟಿ ವೈದ್ಯರೊಬ್ಬರು ಕೊಟ್ಟ ಸೊಪ್ಪನ್ನೂ ಅರೆದು ಕುಡಿಯುತ್ತಿದ್ದ. ನನಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಹಾಗಂತ ಅವನಿಗೆ ಹೇಳಲೂ ಇಲ್ಲ. ಗೋಡೆಯ ಬಳ್ಳಿಗೆ ಬಳಿದದ್ದೂ ಅದೇ ಸೊಪ್ಪಿನ ರಸ. ಮೂಲೆಯಲ್ಲಿ ಪೇಂಟ್ ಡಬ್ಬಗಳಿದ್ದವು. ಹಸಿರು ಪೇಂಟ್ ಖಾಲಿಯಾಗಿತ್ತೇನೋ ಎಂದು ಕೇಳಿದೆ.

“ಪೇಂಟು ಯಾವತ್ತೂ ಅಸ್ರಾಗೇ ಇರ್ತದೆ. ಸೊಪ್ಪಾದ್ರೆ ಬಾಡ್ತದೆ. ಬಾಡ್ಲಿ ಅಂತ್ಲೇ ಬರ್ದಿವ್ನಿ.”

ಬಳ್ಳಿ ಬಾಡಿ ಕಂದುಬಣ್ಣಕ್ಕೆ ತಿರುಗಿತು. ಶಿವಣ್ಣನೂ ಉಳಿಯಲಿಲ್ಲ. ಮುಂದಿನ ಗೌರಿ ಹಬ್ಬದ ಹೊತ್ತಿಗೆ ನಾನು ಅಲ್ಲಿಗೆ ಹೋದಾಗ ಅವನ ಹೆಂಡತಿ ಮನೆಗೆ ಸುಣ್ಣ ಹೊಡೆದಿದ್ದರು. ಗೆಡ್ಡೆ, ಬಳ್ಳಿ ಎರಡೂ ಸುಣ್ಣದಡಿ ಸೇರಿದ್ದವು. ಕಣ್ಣು, ಮೂಗು, ಮೀಸೆ ಮಾತ್ರ ಹಾಗೇ ಇದ್ದವು. ನಾನು ನೋಡುತ್ತಾ ನಿಂತದ್ದನ್ನು ಕಂಡು ಆಕೆ ಹೇಳಿದರು: “ಚೂರು ಬುಟ್ಟಿವ್ನಿ ಕಣಣ್ಣ.”