ಕಾಂಚನಾ ಕಳೆದ ಅರವತ್ಮೂರು ಅಂಚುಗಳು

ಬೆಳಗಿನ ಐದೂವರೆ. ಚಳ್ಳಕೆರೆಯ ಮನೆಯ ಮಹಡಿಯಲ್ಲಿ ಕಾಂಚನಾ ಲ್ಯಾಪ್‌ಟಾಪ್ ತೆರೆದು ತಾವು ನೋಡಿಕೊಳ್ಳುವ ಆ್ಯಪ್‌ಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದಾರೆ. ನನ್ನಿವಾಳದ ಕುರಿಗಳ ಲಸಿಕೆ ಪಟ್ಟಿ, ರಾಂಪುರದ ಗ್ರಂಥಾಲಯ, ಮೊಳಕಾಲ್ಮೂರು ಸೀರೆಯ ಅಂಚಿನ ವಿನ್ಯಾಸಗಳು, ಹೀಗೆ ಒಟ್ಟು ಹದಿನಾಲ್ಕು. ಸಂಬಳವಿಲ್ಲ. ಹೊಟ್ಟೆಪಾಡಿಗೆ ಜೆರಾಕ್ಸ್ ಅಂಗಡಿಯಿದೆ.

ಆ್ಯಪ್‌ಗಳಿರುವುದು ಹಲವರು ಸೇರಿ ನಡೆಸುವ ಉಚಿತ ಕ್ಲೌಡ್‌ನಲ್ಲಿ. ಅದೊಂದು ವಠಾರ ಎಂದುಕೊಳ್ಳಿ. ಪ್ರತಿ ಆ್ಯಪ್‌ಗೂ ಕಂಟೇನರ್ ಎಂಬ ಒಂದು ಕೋಣೆ. ಯಾರಿಗಾದರೂ ತುರ್ತಾಗಿ ಜಾಗ ಬೇಕಾದರೆ ಉಳಿದವರು ತಮ್ಮ ಕಂಟೇನರ್ ತೆಗೆದುಹಾಕಿ, ಆಮೇಲೆ ಮತ್ತೆ ಕಟ್ಟಿಕೊಳ್ಳುವುದು ಅಲ್ಲಿನ ರೂಢಿ. ಕೋಣೆಯ ಜೊತೆ ಒಳಗಿದ್ದದ್ದೂ ಹೋಗುತ್ತದೆ, ಹಾಗಾಗಿ ಉಳಿಯಬೇಕಾದ್ದನ್ನು ಹೊರಗೆ ಬೇರೆ ಇಡಬೇಕು.

ಕಳೆದ ವರ್ಷ ಯಾವುದೋ ಊರಿನ ರಕ್ತದಾನಿಗಳ ಆ್ಯಪ್‌ಗೆ ಜಾಗ ಬೇಕಾಯಿತು. ಎಲ್ಲರಿಗಿಂತ ಮೊದಲು ಕಾಂಚನಾ ಸೀರೆಯ ಕಂಟೇನರ್ ತೆಗೆದುಹಾಕಿದರು. ಅಂಚುಗಳ ಫೋಟೋ ಅದರೊಳಗೇ ಇದ್ದವು. ಅರವತ್ಮೂರೂ ಹೋದವು.

“ಒಳ್ಳೆಯೋಳು ಅನ್ನಿಸ್ಕೊಳ್ಳೋ ಆತುರ ಸಾರ್. ಥ್ಯಾಂಕ್ಸ್ ಅಂತ ಇಪ್ಪತ್ತು ಮೆಸೇಜ್ ಬಂದಿದ್ವು. ಓದ್ಕೊಂಡು ಕುಂತಿದ್ದೆ.”

ಬೇರೆ ಪ್ರತಿ ಇರಲಿಲ್ಲವೇ ಎಂದು ನಾನು ಕೇಳಿದರೆ ತಲೆ ತಗ್ಗಿಸುತ್ತಾರೆ. ಫೋನ್ ತುಂಬಿತೆಂದು ಅಲ್ಲಿಂದಲೂ ಅಳಿಸಿದ್ದರು. ಅಂಚು ಬರೆದವರು ಮೊಳಕಾಲ್ಮೂರಿನ ತಿಪ್ಪೇರುದ್ರಮ್ಮ, ವಯಸ್ಸು ಎಪ್ಪತ್ತೆಂಟು. ಗೆದ್ದಲು ಹಿಡಿದ ಅವರ ಹಾಳೆಗಳನ್ನು ಒಲೆಗೆ ಹಾಕಿಸಿದ್ದೂ ಇದೇ ಕಾಂಚನಾ. “ಕಂಪ್ಯೂಟರ್‌ನಾಗೆ ಐತಲ್ಲ ಅಜ್ಜಿ ಅಂದಿದ್ದೆ. ಅದು ನೆನಪಾದ್ರೆ ಊಟ ಇಳಿಯಲ್ಲ.”

ಈಗ ಪ್ರತಿ ಬುಧವಾರ ಮೊಳಕಾಲ್ಮೂರಿನ ಬಸ್ಸು ಹತ್ತುತ್ತಾರೆ. ಅಜ್ಜಿ ನೆನಪಿನಿಂದ ಮತ್ತೆ ಬರೆಯುವ ಅಂಚುಗಳ ಫೋಟೋ ತೆಗೆದು ಮೂರು ಕಡೆ ಇಡುತ್ತಾರೆ. ನಲವತ್ತೊಂದು ಆಗಿದೆ. ಅಜ್ಜಿಗೆ ಮಾತ್ರ ನಿಜ ಹೇಳುವ ಧೈರ್ಯ ಬಂದಿಲ್ಲ. ಮೊದಲಿನ ಫೋಟೋ ಸರಿ ಬಂದಿಲ್ಲ ಎಂದಷ್ಟೇ ಹೇಳಿದ್ದಾರೆ.

ಈ ಬುಧವಾರ ನಾನೂ ಜೊತೆಗಿದ್ದೇನೆ. ಅರ್ಧ ಬರೆದ ಹಾಳೆಯ ಮೇಲೆ ಪೆನ್ಸಿಲು ಇಟ್ಟು ತಿಪ್ಪೇರುದ್ರಮ್ಮ, “ಸಾಕು ಬಿಡವ್ವಾ” ಎನ್ನುತ್ತಾರೆ. “ಕೈ ನಡುಗ್ತೈತೆ. ನನ್ನ ಗೆರೆ ಸೊಟ್ಟಗಿದ್ದಕ್ಕೇ ನಿನ್ನ ಫೋಟೋ ಕೆಟ್ಟಿದ್ದು. ಸುಮ್ನೆ ನಿನ್ನ ಓಡಾಡಿಸ್ತಿದೀನಿ.”

ಕೇಳಿಸಿಕೊಂಡ ನನಗೇ ನಾಚಿಕೆಯಾಗುತ್ತದೆ. ಕಾಂಚನಾ ಅಳುತ್ತಲೇ ಎಲ್ಲ ಹೇಳಿಬಿಡುತ್ತಾರೆ. “ನಿಮ್ಮ ಗೆರೆದೇನೂ ತಪ್ಪಿಲ್ಲಜ್ಜಿ. ಎಲ್ಲಾ ಚೆನ್ನಾಗಿದ್ವು. ನಾನೇ ಕಳೆದೆ. ಸುಳ್ಳು ಹೇಳ್ದೆ.”

ಬೈಗುಳಕ್ಕಾಗಿ ಕಾಯುತ್ತೇವೆ. ಅಜ್ಜಿ ಬೆರಳುಗಳನ್ನು ಬಿಡಿಸಿ ನೋಡಿಕೊಳ್ಳುತ್ತಾರೆ.

“ನೆಟ್ಟಗೇ ಇದ್ವಾ?”

“ಇದ್ವು ಅಜ್ಜಿ.”

“ಒಂದು ವರ್ಷದಿಂದ ಈ ಕೈನೇ ಬೈಕೊಂತಿದ್ನಲ್ಲೇ.”