ಮೊದಲು ಮಣ್ಣಿಗೆ ಹೋದ ಕಾಲು

ಮಕ್ಕಳೇ, ನಿಮ್ಮ ತಾತನ ಎಡಗಾಲು ತಾತನಿಗಿಂತ ಆರು ವರ್ಷ ಮೊದಲೇ ಮಣ್ಣಿಗೆ ಹೋಯಿತು. ಸತ್ತವರ ಹಬ್ಬದ ದಿನ ಭದ್ರಾವತಿಯ ಸಮಾಧಿಸ್ಥಳದಲ್ಲಿ ಮೇಣದಬತ್ತಿ ಹಚ್ಚುವಾಗ, ತಾತನ ಶಿಲುಬೆಯ ಪಕ್ಕದಲ್ಲಿ ಗೇಣುದ್ದದ ಇನ್ನೊಂದು ಶಿಲುಬೆ ಯಾಕಿದೆ ಎಂದು ಕೇಳಿದಿರಿ. ಸುತ್ತ ಜನರಿದ್ದರು, ನನಗೆ ಬಾಯಿ ಬರಲಿಲ್ಲ. ಹಿಂದೊಮ್ಮೆ ಪೂಜೆ ಮುಗಿದ ಮೇಲೆ ಎದ್ದು ನಿಂತು ದೇವರ ಉಪಕಾರಕ್ಕೆ ಸಾಕ್ಷಿ ಹೇಳಮ್ಮ ಎಂದು ಫಾದರ್ ಕರೆದಾಗಲೂ ಬಂದಿರಲಿಲ್ಲ. ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರ ಇದೆ. ದೇವರು ನಮಗೆ ಮಾಡಿದ್ದನ್ನು ಅದರಲ್ಲೇ ಬರೆಯುತ್ತೇನೆ.

ಅದು ತೊಂಬತ್ತಮೂರರ ತಪಸ್ಸುಕಾಲ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ನಿಮ್ಮಮ್ಮನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿತ್ತು. ತಾತ ಮಾಚೇನಹಳ್ಳಿಯ ಸಣ್ಣ ವರ್ಕ್‌ಶಾಪೊಂದರಲ್ಲಿ ಲೇತ್ ಮೆಷಿನ್ ಮುಂದೆ ದಿನವಿಡೀ ನಿಂತು ದುಡಿಯುತ್ತಿದ್ದರು. ಒಂದು ಕಬ್ಬಿಣದ ಚೂರು ಚಪ್ಪಲಿ ತೂರಿ ಹೆಬ್ಬೆರಳಿಗೆ ಚುಚ್ಚಿತ್ತು. ಸಕ್ಕರೆ ಕಾಯಿಲೆಯ ಕಾಲು, ಅವರಿಗೆ ನೋವೇ ತಿಳಿಯಲಿಲ್ಲ. ನನಗೆ ತಿಳಿದದ್ದು ವಾಸನೆಯಿಂದ. ಎಲ್ಲೋ ಇಲಿ ಸತ್ತಿದೆ ಎಂದು ಮಂಚದ ಕೆಳಗೆಲ್ಲ ಹುಡುಕಿದೆ. ಇಲಿ ಇರಲಿಲ್ಲ. ಮಂಚದ ಮೇಲೆ ಮಲಗಿದ್ದ ಇವರ ಪಾದ ಕಪ್ಪಾಗಿತ್ತು.

ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು: "ಈಗ ತೆಗೆದ್ರೆ ಮೊಣಕಾಲಿನ ಕೆಳಗೆ. ತಡ ಮಾಡಿದ್ರೆ ತೊಡೆವರೆಗೆ. ಇನ್ನೂ ತಡ ಮಾಡಿದ್ರೆ ನನ್ನ ಹತ್ರ ಬರ್ಬೇಡಿ, ನಿಮ್ಮ ಫಾದರ್ ಹತ್ರ ಹೋಗಿ."

ಇವರು ಒಪ್ಪಲಿಲ್ಲ. ಕತ್ತರಿಸಿದ್ದನ್ನೆಲ್ಲ ಹಿಂದಿನ ಗುಂಡಿಗೆ ಹಾಕುತ್ತಾರೆ, ನಾಯಿಗಳು ಬಂದು ಕೆದರುತ್ತವೆ ಎಂದು ಪಕ್ಕದ ಮಂಚದವನು ಹೇಳಿಬಿಟ್ಟಿದ್ದ. ನಿಜವೋ ಸುಳ್ಳೋ, ಅದು ಇವರ ತಲೆಯಲ್ಲಿ ಕೂತಿತು. ಸತ್ತ ಮೇಲೆ ಈ ಶರೀರವೇ ಒಂದು ದಿನ ಎದ್ದು ಬರುವುದು ಎಂದು ಚಿಕ್ಕಂದಿನಿಂದ ಪ್ರತಿ ಭಾನುವಾರ ಚರ್ಚಿನಲ್ಲಿ ಹೇಳಿಕೊಂಡು ಬಂದವರು.

"ಕೊನೇ ದಿನ ಎಲ್ರೂ ಸಮಾಧಿಯಿಂದ ಎದ್ದು ಹೋಗ್ತಾ ಇರ್ತಾರೆ, ನಾನು ಕುಂಟ್ಕೊಂಡು ನಾಯಿ ಹೊಟ್ಟೇಲಿ ಕಾಲು ಹುಡುಕ್ತಾ ಇರ್ಲಾ? ಹೋಗೋದಾದ್ರೆ ಪೂರ್ತಿಯಾಗಿ ಹೋಗ್ತೀನಿ ಬಿಡು."

ನಾನು ಗಂಡನಿಗೆ ಎದುರು ಮಾತಾಡಿದವಳಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಜಪಸರ ಹಿಡಿದೆ. ಮೊದಲು ಕಾಲು ಉಳಿಸು ಸ್ವಾಮಿ ಎಂದು ಬೇಡಿದೆ. ಕಪ್ಪು ಮೀನಖಂಡಕ್ಕೆ ಏರಿತು. ಆಮೇಲೆ ಕಾಲು ಬೇಡ, ಅವರನ್ನು ಒಪ್ಪಿಸುವ ಹಾಗೆ ನನಗೊಂದು ಮಾತು ಕೊಡು, ಒಂದೇ ಮಾತು, ಎಂದು ಬೇಡಿದೆ. ಏನೂ ಹೊಳೆಯಲಿಲ್ಲ. ಆ ಮಧ್ಯಾಹ್ನ ದೇವರು ಕಿವುಡನೇನೋ ಎಂದುಕೊಂಡೆ.

ಆಗ ಬಂದವರು ತಾತನ ಅಕ್ಕ, ನನ್ನ ಅತ್ತಿಗೆ, ನಿಮಗೆ ಭಯ ಹುಟ್ಟಿಸುವ ಲೂರ್ದಜ್ಜಿ. ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಗಂಜಿ ತರುತ್ತಿದ್ದರು. ಗಂಜಿಯ ಜೊತೆಗೆ ನಾಲಿಗೆಯನ್ನೂ ತರುತ್ತಿದ್ದರು. ಮದುವೆಯಾದಂದಿನಿಂದ ಅವರಿಗೆ ನಾನು 'ಮೂಗಿ'.

"ಏನೇ ಮೂಗಿ, ಇನ್ನೂ ಅಳ್ತಾ ಇದೀಯಾ? ಗಾಂಧಿ ಬಜಾರಲ್ಲಿ ಬಿಳಿ ಸೀರೆ ಚೆನ್ನಾಗಿದೆ. ಹೋಗ್ತಾ ನೋಡ್ಕೊಂಡು ಹೋಗ್ಲಾ?"

ಇವರು ಅಕ್ಕನಿಗೂ ಅದೇ ನಾಯಿಯ ಮಾತು ಹೇಳಿದರು. ಅತ್ತಿಗೆ ಇಡೀ ವಾರ್ಡು ತಿರುಗಿ ನೋಡುವ ಹಾಗೆ ನಕ್ಕರು.

"ಅಯ್ಯೋ ಮಾರಾಯ! ಯೇಸುಸ್ವಾಮಿನೇ ತೂತು ಬಿದ್ದ ಕೈಯಲ್ಲಿ, ಸೀಳಿದ ಪಕ್ಕೇಲಿ ಎದ್ದು ಬಂದ್ರು. ನಂಬದೇ ಇದ್ದ ಶಿಷ್ಯ ತೋಮನಿಗೆ ಬೆರಳಿಟ್ಟು ನೋಡು ಅಂತ ಅವರೇ ತೋರಿಸ್ಲಿಲ್ವಾ? ಗಾಯ ಮಾಯ ಮಾಡ್ಕೊಂಡು ಬರೋಕೆ ಅವರಿಗೆ ಬರ್ತಿರ್ಲಿಲ್ವಾ? ಅವರಿಗಿಂತ ನೀನು ಚೆಂದಾಗಿ ಎದ್ದು ಬರ್ಬೇಕೇನೋ? ಯಾಕೆ, ಮೇಲೆ ನಿಂಗೇನು ಹೆಣ್ಣು ನೋಡಿದಾರಾ?"

ಪಕ್ಕದ ಮಂಚದವನೂ ನಕ್ಕ. ಇವರು ಗೋಡೆಯ ಕಡೆ ಹೊರಳಿದರು. ಸಾಯುವವನನ್ನು ಹೀಗೆ ಆಡಿಕೊಳ್ಳುವ ಬಾಯಿಗೆ ಹುಳ ಬೀಳಲಿ ಎಂದು ನಾನು ಮನಸ್ಸಿನಲ್ಲೇ ಶಪಿಸಿದೆ. ಗೋಡೆ ಕಡೆಯಿಂದಲೇ ಇವರ ದನಿ ಬಂತು.

"ಗಾಯ ಇದ್ದಿದ್ದು ನಿಜಾನೇ... ಆದ್ರೂ ಗುಂಡಿಗೆ ಹಾಕ್ಬಾರ್ದು. ನಮ್ಮ ಸಮಾಧೀಲೇ ಹೂಳ್ಬೇಕು. ಯಾರು ತಗೊಂಡು ಹೋಗ್ತಾರೆ?"

"ನಾನು," ಎಂದೆ.

"ನೋಡ್ರಪ್ಪಾ, ಮೂಗಿ ಮಾತಾಡ್ತು!" ಎಂದರು ಅತ್ತಿಗೆ.

ಒಂದು ಮಾತು ಕೊಡು ಎಂದು ಬೇಡಿದ್ದೆ. ದೇವರು ಕೊಟ್ಟಿದ್ದ. ನಾನು ಯಾವ ಬಾಯಿಯನ್ನು ಶಪಿಸಿದೆನೋ ಆ ಬಾಯಿಯಲ್ಲಿ ಇಟ್ಟು ಕೊಟ್ಟಿದ್ದ.

ಮಾರನೆಯ ದಿನ ಕಾಲು ತೆಗೆದರು. ಕೇಳಿಕೊಂಡಿದ್ದಕ್ಕೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕೊಟ್ಟರು. ಅದರ ಮೇಲೆ ಅವರದೇ ಹಳೆಯ ಲುಂಗಿ ಸುತ್ತಿ ಚೀಲದೊಳಗಿಟ್ಟೆ. ಅತ್ತಿಗೆಯನ್ನು ಅವರ ಹತ್ತಿರ ಬಿಟ್ಟು ನಾನೊಬ್ಬಳೇ ಭದ್ರಾವತಿಯ ಬಸ್ ಹತ್ತಿದೆ.

"ಏನಮ್ಮಾ ಚೀಲದಲ್ಲಿ, ಮೀನಾ? ಸೀಟಿನ ಕೆಳಗೆ ತಳ್ಳಮ್ಮಾ," ಎಂದ ಕಂಡಕ್ಟರ್.

ಮದುವೆಯಾದಂದಿನಿಂದ ನಾನು ಎಣ್ಣೆ ತಿಕ್ಕಿದ ಕಾಲು. ಬೇರೆಯವರು ಚಪ್ಪಲಿಯಲ್ಲಿ ತುಳಿಯುವ ಜಾಗದಲ್ಲಿ ಹೇಗೆ ಇಡಲಿ? ತೊಡೆಯ ಮೇಲೇ ಇಟ್ಟುಕೊಂಡೆ. ಮಲವಗೊಪ್ಪ ದಾಟಿದಾಗ ಅವನು ಮತ್ತೆ ಬಂದ. "ಮಗೂನ ತಬ್ಬಿಕೊಂಡಂಗೆ ತಬ್ಬಿಕೊಂಡಿದೀಯಲ್ಲಮ್ಮಾ ಮೀನನ್ನ!" ಜನ ನಕ್ಕರು. ಪಕ್ಕದವಳು ಸೆರಗು ಮೂಗಿಗೆ ಹಿಡಿದು ಎದ್ದು ಹೋದಳು. ಮಾಚೇನಹಳ್ಳಿ ಬಂತು. ಆ ಕಾಲು ಅಷ್ಟು ವರ್ಷ ನಿಂತು ದುಡಿದ ವರ್ಕ್‌ಶಾಪು ಕಿಟಕಿಯಲ್ಲಿ ಹಾದುಹೋಯಿತು. ಶರೀರ ಮತ್ತೆ ಎದ್ದು ಬರುವುದೆಂದು ನಂಬುತ್ತೇನೆ, ಎಂದು ಬಾಯೊಳಗೇ ಹೇಳಿಕೊಂಡೆ. ಗಿಳಿಯ ಹಾಗೆ ಸಾವಿರ ಸಲ ಹೇಳಿದ್ದ ಮಾತು. ಅದನ್ನು ನಂಬಿ ಹೇಳಿದ್ದು ಆವತ್ತೇ ಮೊದಲು.

ಫಾದರ್ ಒಂದೂ ಪ್ರಶ್ನೆ ಕೇಳದೆ ಚೀಲದ ಮೇಲೆ ತೀರ್ಥ ಚಿಮುಕಿಸಿದರು. ಮಣ್ಣು ನಾನೇ ಹಾಕಿದೆ.

ಆಮೇಲೆ ದೇವರು ಆರು ವರ್ಷ ಕೊಟ್ಟ. ತಾತ ಬಲಗೈಯಲ್ಲಿ ಊರುಗೋಲು ಹಿಡಿದು, ಎಡಗೈ ನನ್ನ ಹೆಗಲ ಮೇಲಿಟ್ಟು ನಡೆದರು. ನಿಮ್ಮಮ್ಮನ ಮದುವೆಯಲ್ಲಿ ಮಗಳನ್ನು ಚರ್ಚಿನ ಪೀಠದವರೆಗೆ ಹಾಗೆಯೇ ಕರೆದುಕೊಂಡು ಹೋದರು. ಸತ್ತವರ ಹಬ್ಬ ಬಂದರೆ ತಮ್ಮ ಕಾಲಿಗೆ ತಾವೇ ಬತ್ತಿ ಹಚ್ಚಿ, ನೋಡಿದವರಿಗೆಲ್ಲ ಹೇಳುತ್ತಿದ್ದರು: "ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯಲ್ವಾ? ಹಂಗೇ ಕಾಲು ಹಾಕಿ ಜಾಗ ಹಿಡಿದಿದೀನಿ."

ತೊಂಬತ್ತೊಂಬತ್ತರಲ್ಲಿ ಆ ಜಾಗಕ್ಕೇ ಹೋದರು. ಮಣ್ಣು ಹಾಕುವಾಗ ಅತ್ತಿಗೆ ನನ್ನ ಕಿವಿಯಲ್ಲಿ ಹೇಳಿದರು: "ನಮ್ಮ ವಂಶದಲ್ಲಿ ಕಂತಲ್ಲಿ ಮಣ್ಣಿಗೆ ಹೋದೋನು ಇವನೊಬ್ನೇ ಕಣೇ." ಹೇಳಿ ಬಿಕ್ಕಿಬಿಕ್ಕಿ ಅತ್ತರು. ಗಂಡನ ಹೆಣದ ಮುಂದೆ ನನಗೆ ನಗು ಬಂತು. ಜನ ನೋಡಿದರು. ನೋಡಲಿ.

ಈಗ ಅತ್ತಿಗೆ ಹಾಸಿಗೆ ಹಿಡಿದಿದ್ದಾರೆ. ನಾನು ಗಂಜಿ ಕುಡಿಸುತ್ತೇನೆ. ಬಿಸಿ ಹೆಚ್ಚಾದರೆ ಈಗಲೂ ಮೂಗಿ ಎಂದು ಬೈಯುತ್ತಾರೆ. ಆ ಬಾಯಿ ಒರೆಸುವಾಗೆಲ್ಲ ದೇವರಿಗೆ ಸ್ತೋತ್ರ ಹೇಳುತ್ತೇನೆ.

ಮಕ್ಕಳೇ, ನನ್ನ ದಿನ ಬಂದಾಗ ನನ್ನನ್ನು ನಿಮ್ಮ ತಾತನ ಎಡಗಡೆಗೇ ಮಲಗಿಸಿ. ಅವರು ಎದ್ದಾಗ ಎರಡು ಕಾಲಿದ್ದರೆ ದೇವರು ದೊಡ್ಡವನು. ಗಾಯದೊಂದಿಗೇ ಎದ್ದರೆ, ಕೈಯಿಡಲು ನನ್ನ ಹೆಗಲು ಅಲ್ಲೇ ಇರಲಿ.