ಕರೆಂಟ್ ಹೋಗಲೆಂದು ಕಾದ ದಿನ

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಮುಗಿದು ವಾರವಾಗಿರಬೇಕು. ಹುನಗುಂದದ ನನ್ನ ಹೊಲಿಗೆ ಅಂಗಡಿಯಲ್ಲಿ ಕೂತಿದ್ದಾಗ ಇಳಕಲ್ಲಿನಿಂದ ಗಂಗಾಳ ಫೋನ್ ಬಂತು. ಹತ್ತನೇ ಕ್ಲಾಸಿನ ಹುಡುಗಿ. ರಜೆಯಲ್ಲಿ ನಮ್ಮೂರಿನ ಚಿಕ್ಕಮ್ಮನ ಮನೆಗೆ ಬಂದಾಗ ನನ್ನ ಹತ್ತಿರ ಹೊಲಿಗೆ ಕಲಿತಿದ್ದಳು.

“ಅಕ್ಕಾ, ಶುಕ್ರವಾರ ನನ್ನ ನಿಶ್ಚಯ ಐತಿ. ನಿಮ್ಮ ನಾಟಕ ನಮ್ಮ ಓಣ್ಯಾಗ ಮಾಡ್ರಿ. ನಮ್ಮಪ್ಪ ನನ್ನ ಮಾತ ಕೇಳಂಗಿಲ್ಲ. ನಾಟಕ ಅಂದ್ರ ನಿಂತ ನೋಡ್ತಾನ.”

ನಮ್ಮದು ಐದು ಜನರ ಬೀದಿ ನಾಟಕದ ತಂಡ. ಬಾಲ್ಯವಿವಾಹದ ನಾಟಕದಲ್ಲಿ ಮಗಳ ಪಾತ್ರ ನನ್ನದು. ಮೂವತ್ತೆಂಟರ ಹೆಂಗಸು ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ನಿಂತರೆ ಜನ ಮೊದಲು ನಗುತ್ತಾರೆ. ನಗಲಿ. ಸಣ್ಣ ಹುಡುಗಿಯರನ್ನು ಮನೆಯವರು ಬೀದಿಗೆ ಕಳಿಸುವುದಿಲ್ಲ, ನಾನೇನು ಮಾಡಲಿ?

ಆಗಲೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡುತ್ತೇನೆಂದೆ. “ಬ್ಯಾಡ್ರಿ ಅಕ್ಕಾ, ಒಂದ ಸಲ ನಾಟಕ ಆಗ್ಲಿ. ಅದಕ್ಕೂ ಬಗ್ಗಲಿಲ್ಲಂದ್ರ ಮಾಡ್ರಿ” ಎಂದಳು. ಒಪ್ಪಿದೆ. ಆದರೆ ಅಂದಿನಿಂದ ನಿದ್ದೆಯಿಲ್ಲ. ಎರಡು ಬ್ಲೌಸಿನ ಅಳತೆ ತಪ್ಪಿಸಿ ಗಿರಾಕಿಗಳಿಂದ ಬೈಸಿಕೊಂಡೆ.

ಗುರುವಾರ ಬೆಳಿಗ್ಗೆ ಹಲಗಿ ಬಾರಿಸುತ್ತ ಅವರ ಓಣಿಗೆ ಹೋದೆವು. ಮನೆಮನೆಗೂ ಪವರ್‌ಲೂಮ್. ಆ ಖಟಖಟದಲ್ಲಿ ನಮ್ಮ ಹಲಗಿ ನಮಗೇ ಕೇಳಲಿಲ್ಲ. ಮಗ್ಗ ಬಿಟ್ಟು ಯಾರು ಬರುತ್ತಾರೆ? “ಹನ್ನೊಂದಕ್ಕ ಕರೆಂಟ್ ಹೋಗ್ತೈತ್ರಿ, ಆವಾಗ ಎಲ್ಲಾರೂ ಬರ್ತಾರ” ಎಂದು ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ಕೂಗಿ ಹೇಳಿದಳು.

ದಿನಾ ತಪ್ಪದೆ ಹೋಗುವ ಕರೆಂಟು ಅವತ್ತು ಹೋಗಲೊಲ್ಲದು. ಹನ್ನೆರಡಾಯಿತು, ಒಂದಾಯಿತು. ನಾನು ಏಳುವುದು, ಕೂಡುವುದು, ಲೈಟಿನ ಕಂಬ ನೋಡುವುದು. “ಕಂಬ ದಿಟ್ಟಿಸಿದ್ರ ಕರೆಂಟ್ ಹೋಗತೈತೇನ ರಜಿಯಾ?” ಎಂದು ಬಸಣ್ಣ ಕಾಡಿಸಿದ. ಅವನು ನಿವೃತ್ತ ಬಸ್ ಕಂಡಕ್ಟರ್, ನಾಟಕದಲ್ಲಿ ನನ್ನ ಅಪ್ಪ. ಜೀವಮಾನವಿಡೀ ಕರೆಂಟಿನವರನ್ನು ಬೈದ ನಾನು ಅವತ್ತು ಒಂದು ತಾಸು ತೆಗೆಯಿರಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಎರಡೂವರೆಗೆ ಹೋಯಿತು. ಓಣಿ ಒಮ್ಮೆಲೇ ಸ್ತಬ್ಧವಾಯಿತು. ಜನ ಸೇರಿದರು. ಗಂಗಾಳ ಅಪ್ಪ ಈರಣ್ಣ ತನ್ನ ಮನೆಯ ಮೆಟ್ಟಿಲ ಮೇಲೆ ಕೂತ, ಅವಳು ಬಾಗಿಲ ಮರೆಗೆ ನಿಂತಳು. ನನ್ನ ಜಡೆಗೆ ಎಲ್ಲರೂ ನಕ್ಕರು, ಆಮೇಲೆ ಸುಮ್ಮನಾದರು. ನಾಟಕದಲ್ಲಿ ಅಪ್ಪ “ಸಾಲಿ ಸಾಕು, ಲಗ್ನಕ್ಕ ತಯಾರಾಗು” ಎಂದು ನನ್ನ ಪುಸ್ತಕ ಕಸಿದು ಒಗೆಯುತ್ತಾನೆ. ಆಗ ಮಗಳು ಮಾತಾಡುತ್ತಾಳೆ, ಅದನ್ನು ಕೇಳಿ ಅಪ್ಪನ ಮನಸ್ಸು ತಿರುಗುತ್ತದೆ. ಬಸಣ್ಣ ಪುಸ್ತಕ ಒಗೆದ. ನಾನು ಬಾಯಿ ತೆರೆದೆ. ಕರೆಂಟ್ ಬಂತು.

ಮಂದಿಯೆಲ್ಲ ಎದ್ದು ಮಗ್ಗಕ್ಕೆ ಓಡಿದರು, ಖಟಖಟ ಮತ್ತೆ ಶುರುವಾಯಿತು. ನಮ್ಮ ನಾಟಕ ಅಪ್ಪ ಗೆದ್ದಲ್ಲಿಗೇ ಮುಗಿದಿತ್ತು! ಬಾಲ್ಯವಿವಾಹ ಮಾಡಿರೆಂದು ಹೇಳಲು ಹುನಗುಂದದಿಂದ ಬಂದಂತಾಯಿತು. ಸಿಟ್ಟಿಗೆ ರಿಬ್ಬನ್ ಕಿತ್ತೆ. ಅಳುವೂ ಬಂತು.

ಆದರೆ ಈರಣ್ಣ ಎದ್ದಿರಲಿಲ್ಲ. ಮುಂದೇನು ಎಂದು ಕೈ ತಿರುವಿ ಕೇಳಿದ. “ಕೇಳಂಗಿಲ್ರಿ!” ಎಂದು ಚೀರಿದೆ. ಅವನು ತನ್ನ ಕಣ್ಣು ತೋರಿಸಿ, ಆಮೇಲೆ ನನ್ನ ತುಟಿ ತೋರಿಸಿದ. ಬಸಣ್ಣ ನನ್ನ ಕಿವಿಗೆ ಬಾಯಿಟ್ಟು, “ದಿನಾ ಈ ಸಪ್ಪಳದಾಗ ಇರ್ತಾರಲ್ಲ, ಮಗ್ಗದವ್ರು ತುಟಿ ನೋಡೇ ಮಾತ ತಿಳಕೋತಾರ. ಹೇಳ ನೀ!” ಎಂದ.

ನಾನು ಮತ್ತೆ ನಿಲ್ಲುವಷ್ಟರಲ್ಲಿ ಗಂಗಾ ಹೊರಬಂದು ನನ್ನ ಭುಜ ಹಿಡಿದು ಬದಿಗೆ ಸರಿಸಿದಳು. ಬಿದ್ದಿದ್ದ ಪುಸ್ತಕ ಎತ್ತಿಕೊಂಡು ಅಪ್ಪನ ಎದುರು ನಿಂತಳು. ಮಾತಾಡಿದಳು. ನಮಗೆ ಒಂದಕ್ಷರ ಕೇಳಲಿಲ್ಲ. ಅದು ನಮ್ಮ ನಾಟಕದ ಮಾತಲ್ಲ ಎಂಬುದಷ್ಟೇ ತಿಳಿಯಿತು. ನಮ್ಮದು ನಾಲ್ಕೇ ಸಾಲು, ಅವಳು ಬಹಳ ಹೊತ್ತು ಮಾತಾಡಿದಳು. ಈರಣ್ಣ ಅವಳ ತುಟಿಯನ್ನೇ ನೋಡುತ್ತಿದ್ದ. ಒಂದು ಹಂತದಲ್ಲಿ ತಲೆ ತಗ್ಗಿಸಿದ. ಗಂಗಾ ಅಪ್ಪನ ಗದ್ದ ಹಿಡಿದು ಮುಖ ಮೇಲಕ್ಕೆತ್ತಿದಳು. ತಲೆ ತಗ್ಗಿಸಿದರೆ ಅವನಿಗೆ ಕೇಳುವುದಿಲ್ಲವಲ್ಲ!

ಆಮೇಲೆ ಅವನು ಎದ್ದು ಒಳಗೆ ಹೋದ. ಮಗ್ಗ ಹಾಕಲು ಹೋದನೆಂದೇ ನಾನು ತಿಳಿದೆ. ಫೋನ್ ಹಿಡಿದು ಹೊರಬಂದ. ಓಣಿ ದಾಟಿ ಸಪ್ಪಳವಿಲ್ಲದ ಕಡೆ ಹೋಗಿ ಮಾತಾಡಿದ. ಹಿಂದೆಯೇ ಹೋದ ನನಗೆ, “ಬೀಗರಿಗೆ ನಾಳಿ ಬರಬ್ಯಾಡ್ರಿ ಅಂತ ಹೇಳೇನ್ರಿ. ಇನ್ನ ಮನಿಗೆ ಹೋಗ್ರಿ” ಎಂದ. ಧ್ವನಿಯಲ್ಲಿ ಸಿಟ್ಟಿತ್ತು. ಕಣ್ಣು ಒದ್ದೆಯಾಗಿತ್ತು.

ಗಂಗಾ ಈಗ ಪಿಯುಸಿ ಎರಡನೇ ವರ್ಷ ಓದುತ್ತಿದ್ದಾಳೆ. ಆದರೂ ಅವಳ ಫೋನ್ ಬಂದರೆ, ಮತ್ತೆ ನಿಶ್ಚಯದ ಸುದ್ದಿಯೇನೋ ಎಂದು ಹೊಲಿಗೆ ನಿಲ್ಲಿಸಿಬಿಡುತ್ತೇನೆ. ಮೊನ್ನೆ ತಡೆಯಲಾರದೆ, ಅವತ್ತು ಅಪ್ಪನಿಗೆ ಏನು ಹೇಳಿದೆ ಎಂದು ಕೇಳಿಯೇ ಬಿಟ್ಟೆ. ನಕ್ಕಳು.

“ಅದ ನಮ್ಮಪ್ಪಗ ಹೇಳಿದ್ದರಿ ಅಕ್ಕಾ, ನಿಮಗಲ್ಲ.”

ಇಷ್ಟು ವರ್ಷ ಬೀದಿಬೀದಿಯಲ್ಲಿ ಮಗಳಾದವಳಿಗೆ ಸ್ವಲ್ಪ ಸಿಟ್ಟು ಬಂದದ್ದು ಸುಳ್ಳಲ್ಲ. ಈಗಲೂ ಪುಸ್ತಕ ಒಗೆಯುವ ಆ ಜಾಗಕ್ಕೆ ಬಂದಾಗ ನನ್ನ ನಾಲ್ಕು ಸಾಲು ಹೇಳುತ್ತೇನೆ. ಜನ ಚಪ್ಪಾಳೆ ತಟ್ಟುತ್ತಾರೆ. ಅವಳು ಹೇಳಿದ್ದು ಇಷ್ಟೇ ಇರಲಿಲ್ಲ ಎಂದು ನಾನು ಒಳಗೊಳಗೇ ಚಡಪಡಿಸುತ್ತೇನೆ.